ಸ್ವಂತ ಎಂಜಿನ್ನಿಲ್ಲದ ರೈಲ್ವೆ ಕಂಪನಿ
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ರೈಲ್ವೆಯಲ್ಲಿ ದುಡಿದವನು ರೈಲಿನ ಕಥೆಯನ್ನೇ ಹೇಳಲಿ ಎಂದು ಹೆಡ್‌ಮಾಸ್ಟರರ ಅಪ್ಪಣೆಯಾಗಿದೆ. ನಮ್ಮೂರಿಗೆ ಇನ್ನೂ ರೈಲು ಬಂದಿಲ್ಲ. ಹಾಗಾಗಿ ಲಂಡನ್ನಿನದನ್ನು ಹೇಳುತ್ತೇನೆ. ಅಲ್ಲಿ ಈಸ್ಟ್ ಲಂಡನ್ ರೈಲ್ವೆ ಎಂಬ ಪುಟ್ಟ ಕಂಪನಿಯಿತ್ತು. ಅದಕ್ಕೆ ಸ್ವಂತದ್ದೊಂದು ಎಂಜಿನ್ ಇರಲಿಲ್ಲ, ಡಬ್ಬಿಯೂ ಇರಲಿಲ್ಲ. ಅದರ ದೊಡ್ಡ ಆಸ್ತಿಯೆಂದರೆ ನದಿಯ ಕೆಳಗಿನ ಒಂದು ಸುರಂಗ. ಅದೂ ಬೇರೆಯವರು ತೋಡಿದ್ದು.

1825ರಲ್ಲಿ ಮಾರ್ಕ್ ಬ್ರುನೆಲ್ ಥೇಮ್ಸ್ ನದಿಯಡಿ ಅಗೆತ ಶುರುಮಾಡಿಸಿದರು. ಮೆತ್ತನೆಯ ಮಣ್ಣು ಕುಸಿಯದಂತೆ ಎದುರಿಗೆ ಕಬ್ಬಿಣದ ದೊಡ್ಡ ಚೌಕಟ್ಟು. ಅದರಲ್ಲಿ 36 ಗೂಡುಗಳು, ಗೂಡಿಗೊಬ್ಬ ಆಳು. ಮುಂದಿನ ಹಲಗೆ ತೆಗೆಯುವುದು, ಕೆಲವೇ ಅಂಗುಲ ಮಣ್ಣು ಕೆರೆಯುವುದು, ಹಲಗೆಯನ್ನು ಮತ್ತೆ ಬಿಗಿಯುವುದು. ಬೆನ್ನ ಹಿಂದೆಯೇ ಇಟ್ಟಿಗೆ ಕಟ್ಟುವವರು. ನಮ್ಮ ಬೆಂಗಳೂರು ಮೆಟ್ರೊಗೆ ಸುರಂಗ ಕೊರೆದ ಯಂತ್ರಗಳ ಮುತ್ತಜ್ಜ ಆ ಚೌಕಟ್ಟು.

1828ರ ಜನವರಿ 12ರಂದು ನದಿ ಒಳನುಗ್ಗಿತು. ಆರು ಮಂದಿ ಕೆಲಸಗಾರರು ಸತ್ತರು. ಬ್ರುನೆಲ್ಲರ ಮಗ ಇಸಂಬಾರ್ಡ್, 21ರ ಹುಡುಗ, ಹೇಗೋ ಬದುಕಿಕೊಂಡ. ಮುಂದೆ ಜಗತ್ಪ್ರಸಿದ್ಧ ಎಂಜಿನಿಯರ್ ಆದ. ಅವನ ಹೆಸರನ್ನು ನನ್ನ ನೌಕರಿಯುದ್ದಕ್ಕೂ ಕೇಳಿದ್ದೇನೆ. ಆ ಆರು ಮಂದಿಯ ಹೆಸರನ್ನು ಯಾರ ಬಾಯಲ್ಲೂ ಕೇಳಲಿಲ್ಲ.

ದುಡ್ಡು ಮುಗಿದು ಏಳು ವರ್ಷ ಕೆಲಸ ನಿಂತಿತು. 1843ರಲ್ಲಿ ಸುರಂಗ ತೆರೆದಾಗ, ಕುದುರೆಗಾಡಿ ಇಳಿಯಲು ಬೇಕಾದ ಇಳಿಜಾರು ಕಟ್ಟಲು ಹಣವಿರಲಿಲ್ಲ. ಜನ ಒಂದು ಪೆನ್ನಿ ಕೊಟ್ಟು, ಮೆಟ್ಟಿಲಿಳಿದು, ನಡೆದು ನೋಡಿಬಂದರು. ಒಳಗೇ ಅಂಗಡಿಗಳಾದವು, ಜಾತ್ರೆಯಾಯಿತು. ಲಾಭ ಮಾತ್ರ ಆಗಲಿಲ್ಲ.

1865ರಲ್ಲಿ ನಮ್ಮ ಪುಟ್ಟ ಕಂಪನಿ ಅದನ್ನು 2 ಲಕ್ಷ ಪೌಂಡಿಗೆ ಕೊಂಡಿತು. ತೋಡಿದ ಖರ್ಚಿನ ಅರ್ಧವೂ ಅಲ್ಲ! ಕುದುರೆಗಾಡಿಗೆಂದು ಬಿಟ್ಟಿದ್ದ ಎತ್ತರವೇ ರೈಲಿಗೂ ಸಾಕಾಯಿತು. 1869ರ ಡಿಸೆಂಬರ್ 7ರಂದು ವಾಪಿಂಗ್‌ನಿಂದ ನ್ಯೂ ಕ್ರಾಸ್‌ಗೆ ರೈಲು ಓಡಿತು. ಎಂಜಿನ್, ಡಬ್ಬಿ ಎಲ್ಲ ಬ್ರೈಟನ್ ಕಂಪನಿಯವು. ಉತ್ತರಕ್ಕೆ ಹಡಗುಕಟ್ಟೆಯ ನೀರಿನಡಿ ತೋಡಿಕೊಂಡು ಲಿವರ್‌ಪೂಲ್ ಸ್ಟ್ರೀಟ್ ಮುಟ್ಟುವಷ್ಟರಲ್ಲಿ 1876. ಆಮೇಲೆ ಆರು ದೊಡ್ಡ ಕಂಪನಿಗಳು ಸೇರಿ ಮಾರ್ಗವನ್ನು ಗುತ್ತಿಗೆಗೆ ಹಿಡಿದವು. 1913ರಲ್ಲಿ ವಿದ್ಯುತ್ ಬಂತು, 1925ರಲ್ಲಿ ಕಂಪನಿ ಸದರ್ನ್ ರೈಲ್ವೆಯೊಳಗೆ ಕರಗಿತು.

ಸುರಂಗ ಕರಗಲಿಲ್ಲ. ಮಗಳ ಮನೆಗೆ ಹೋದಾಗ ವಾಪಿಂಗ್ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು ನೋಡಿದೆ. ಇಟ್ಟಿಗೆಯ ಜೋಡಿ ಕಮಾನು, ಅದರೊಳಗಿಂದ ರೈಲು ಬಂತು. ಇಳಿದವರು ಮೊಬೈಲ್ ನೋಡುತ್ತ ಮೆಟ್ಟಿಲು ಹತ್ತಿದರು. ನಾನು ಇನ್ನೆರಡು ರೈಲು ಬಿಟ್ಟು, ಮೂರನೆಯದನ್ನು ಹತ್ತಿದೆ.