ಚಿತ್ರದ ಬೆನ್ನಿನ ಬರಹ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಇಂಥ ಸಮಾರಂಭಗಳಲ್ಲಿ ಗಡಿನಾಡಿನ ಪೂರ್ವವೈಭವವನ್ನು ಕುರಿತು ಮಾತನಾಡುವುದು ವಾಡಿಕೆ. ರಾಷ್ಟ್ರಕೂಟ ಅರಸರು ತಮ್ಮನ್ನು ‘ಲಟ್ಟಲೂರ ಪುರವರಾಧೀಶ್ವರ’ರೆಂದು ಕರೆದುಕೊಂಡರೆಂಬುದನ್ನೂ, ಆ ಲಟ್ಟಲೂರೇ ನಮ್ಮ ಲಾತೂರೆಂದು ವಿದ್ವಾಂಸರು ಹೇಳುವುದನ್ನೂ ನೀವು ಹಲವು ಸಲ ಕೇಳಿದ್ದೀರಿ. ನಾನು ಇಂದು ಅಷ್ಟು ದೂರ ಹೋಗಲಾರೆ. ‘ಮಾಸ್ತರರೆ, ಈ ಸಲ ನಿಮ್ಮ ಸೈಕಲ್ಲು, ನಿಮ್ಮ ಕ್ಯಾಮೆರಾ ಇವುಗಳ ಸಂಗತಿಯನ್ನೇ ಹೇಳಿರಿ’ ಎಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ಸೈಕಲ್ಲು ಹೋಗುವಷ್ಟು ದೂರಕ್ಕೆ ಮಾತ್ರ ನಿಮ್ಮನ್ನು ಕರೆದುಕೊಂಡು ಹೋಗುವೆನು.

ಸೈಕಲ್ಲು ನನ್ನ ತೀರ್ಥರೂಪರಿಂದ ಬಂದದ್ದು. ಇಪ್ಪತ್ತೆರಡು ಇಂಚಿನ ಕರಿಯ ಅಟ್ಲಾಸ್. ಅದರ ಮೇಲೆಯೇ ಒಳಪೆಡಲು ಹೊಡೆದು ಕಲಿತೆ. ಮೊಣಕಾಲಿನ ಕಲೆ ಇನ್ನೂ ಅಳಿದಿಲ್ಲ. ವಾರವೆಲ್ಲ ಶಾಲೆಯ ಕೆಲಸ. ಆದಿತ್ಯವಾರ ಬೆಳಗಿನ ಜಾವ ಎರಡು ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಶಿರೂರ ಅನಂತಪಾಳದಿಂದ ಹೊರಟೆನೆಂದರೆ ಸಾಕೋಳದ ಕಡೆಗೋ ನಿಲಂಗೆಯ ಕಡೆಗೋ ತೊಗರಿ, ಸೋಯಾ ಹೊಲಗಳ ನಡುವೆ ಹೋಗುವುದು ನನ್ನ ರೂಢಿ. ಬೇಸಿಗೆಯಲ್ಲಿ ಜಾಲಿಯ ಮುಳ್ಳು. ಮಳೆಗಾಲದಲ್ಲಿ ಗಾಲಿಗೂ ಮಡಗಾರ್ಡಿಗೂ ನಡುವೆ ಎರೆಮಣ್ಣು ತುಂಬಿ, ಸೈಕಲ್ಲು ನನ್ನನ್ನು ಹೊರುವ ಬದಲು ನಾನೇ ಅದನ್ನು ಹೊತ್ತು ಬಂದ ದಿನಗಳೂ ಉಂಟು. ಆದರೂ ಬಿಟ್ಟಿಲ್ಲ. ಮೋಟಾರಿನಲ್ಲಿ ಹೋಗುವವನನ್ನು ಯಾರೂ ಮಾತನಾಡಿಸುವುದಿಲ್ಲ. ಸೈಕಲ್ಲಿನವನನ್ನು ಕಂಡರೆ ಕಟ್ಟೆಯ ಮೇಲೆ ಕುಳಿತವರು ‘ನೀರು ಕುಡಿದು ಹೋಗ್ರಿ’ ಎನ್ನುತ್ತಾರೆ. ನೀರು ಕುಡಿಯುವಷ್ಟರಲ್ಲಿ ಅವರ ಮನೆಮಾತು ಯಾವುದೆಂಬುದು ತಿಳಿದುಬಿಡುತ್ತದೆ.

ಕ್ಯಾಮೆರಾ ‘ಆಗ್ಫಾ ಕ್ಲಿಕ್ ೩’. ಒಂದು ಕಾಲಕ್ಕೆ ನಮ್ಮ ದೇಶದಲ್ಲಿಯೇ ತಯಾರಾಗುತ್ತಿದ್ದ ಬಡವರ ಪೆಟ್ಟಿಗೆ. ಒಂದು ಸುರುಳಿ ಫಿಲ್ಮಿಗೆ ಹನ್ನೆರಡೇ ಚಿತ್ರ. ಊಟಿಯಲ್ಲಿ ೧೯೬೦ರಲ್ಲಿ ಸ್ಥಾಪಿತವಾದ ಹಿಂದುಸ್ತಾನ ಫೋಟೋ ಫಿಲ್ಮ್ಸ್ ಸಂಸ್ಥೆಯ ‘ಇಂದು’ ಎಂಬ ಕಪ್ಪು-ಬಿಳುಪಿನ ಫಿಲ್ಮು ಹಿಂದೆ ಸಣ್ಣ ಪಟ್ಟಣಗಳಲ್ಲಿಯೂ ದೊರೆಯುತ್ತಿತ್ತು. ಆ ಕಾರಖಾನೆ ಮುಚ್ಚಿತು. ಈಗ ವಿದೇಶದ ಫಿಲ್ಮನ್ನೇ ಅಂಚೆಯಲ್ಲಿ ತರಿಸಬೇಕು. ಮಾಸ್ತರನ ಕಿಸೆಗೆ ಅದು ಹಗುರವಲ್ಲ. ಪ್ರತಿಯೊಬ್ಬರ ಕೈಯಲ್ಲಿಯೂ ಮೊಬೈಲು ಇರುವಾಗ ಈ ಹಟವೇಕೆಂದು ನನ್ನ ಮಕ್ಕಳೇ ಕೇಳುತ್ತಾರೆ. ಮೊಬೈಲನ್ನು ನಾನು ಹಳಿಯುವುದಿಲ್ಲ. ಆದರೆ ಹನ್ನೆರಡೇ ಚಿತ್ರಗಳಿರುವಾಗ, ಎದುರಿಗಿರುವವರ ಹೆಸರನ್ನು, ಊರನ್ನು, ಬಾಳನ್ನು ಕೇಳಿಕೊಳ್ಳದೆ ಗುಂಡಿ ಒತ್ತಲು ನನಗೆ ಮನಸ್ಸು ಬಾರದು.

ಫಿಲ್ಮು ತೊಳೆಯುವುದು ರಾತ್ರಿ, ಅಡಿಗೆಮನೆಯಲ್ಲಿ. ಕಿಟಕಿಗೆ ಕೌದಿ ಕಟ್ಟಿ, ಕತ್ತಲೆಯಲ್ಲಿ ಫಿಲ್ಮನ್ನು ಡಬ್ಬಿಯೊಳಗೆ ಸುತ್ತಿ, ಮೊದಲು ಡೆವಲಪರು, ಬಳಿಕ ಹೈಪೊ, ಕೊನೆಗೆ ನೀರು. ದ್ರಾವಣವು ೨೦ ಡಿಗ್ರಿಯಷ್ಟು ತಂಪಾಗಿರುವುದು ಒಳ್ಳೆಯದು. ನಮ್ಮ ಚೈತ್ರ-ವೈಶಾಖಗಳಲ್ಲಿ ಅದೆಲ್ಲಿಂದ ಬರಬೇಕು? ಮಣ್ಣಿನ ಕೊಡದ ನೀರೇ ಗತಿ. ಬೆಳಕು ಬಿದ್ದ ಫಿಲ್ಮಿನಲ್ಲಿ ಚಿತ್ರವು ಆಗಲೇ ಮೂಡಿರುತ್ತದೆ. ಕಣ್ಣಿಗೆ ಮಾತ್ರ ಕಾಣದು. ಶಾಸ್ತ್ರದಲ್ಲಿ ಅದನ್ನು ಸುಪ್ತಬಿಂಬವೆನ್ನುತ್ತಾರೆ. ತೊಳೆಯುವವರೆಗೂ ಅದು ಕತ್ತಲೆಯಲ್ಲಿ ಕಾದಿರುತ್ತದೆ.

ಮಹನೀಯರೆ, ಇನ್ನು ಹೇಳುವ ಸಂಗತಿ ನನ್ನ ತಪ್ಪಿನದು. ೨೦೧೬ನೆಯ ಇಸವಿ ನಿಮಗೆಲ್ಲ ನೆನಪಿದೆ. ಮೀರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಬಂದ ವರ್ಷ ಅದು. ಎಪ್ರಿಲ್ ೧೨ರಂದು ಬಂದ ಮೊದಲ ಗಾಡಿಯಲ್ಲಿ ಐದು ಲಕ್ಷ ಲೀಟರು ನೀರಿತ್ತು. ಆ ವರ್ಷದ ಮಾಘಮಾಸದಲ್ಲಿ, ನಿಲಂಗೆಯ ದಾರಿಯ ಒಂದು ಹಳ್ಳಿಯಲ್ಲಿ, ಒಬ್ಬ ವೃದ್ಧ ತಾಯಿ ನನ್ನನ್ನು ನಿಲ್ಲಿಸಿ ನೀರು ಕೊಟ್ಟರು. ಅಂಗಳದ ಮೂಲೆಯಲ್ಲಿ ಕಲ್ಲು ಮುಚ್ಚಿದ ಒಂದು ಗುಂಡಿಯಿತ್ತು. ‘ಇದು ಹಗೇವು, ನಮ್ಮ ಅತ್ತೆಯ ಕಾಲದಾಗ ಜೋಳ ತುಂಬತಿದ್ವಿ’ ಎಂದು ಹೇಳಿ, ಕೂರಿಗೆ, ಕಣ, ಮೇಟಿ, ಹಂತಿ ಎಂದು ಬೆಳೆಯ ಕಥೆಯನ್ನೆಲ್ಲ ಕನ್ನಡದಲ್ಲಿ ಬಿಡಿಸಿ ಹೇಳಿದರು. ಆ ಹಗೇವಿನ ಪಕ್ಕದಲ್ಲಿ ಅವರನ್ನು ಕುಳ್ಳಿರಿಸಿ ಚಿತ್ರ ತೆಗೆದೆ. ಮುಂದೆ ಆ ದಾರಿಯಲ್ಲಿ ಹೋದಾಗಲೆಲ್ಲ ಅವರದು ಒಂದೇ ಮಾತು: ‘ಮಾಸ್ತರ, ನನ್ನ ಫೋಟೊ ಬಂತೇನಪ್ಪಾ?’

ಬಂದಿರಲಿಲ್ಲ. ಹೈಪೊ ಪೂರ್ತಿ ಹೋಗಬೇಕಾದರೆ ಅರ್ಧ ಗಂಟೆ ಹರಿಯುವ ನೀರಿನಲ್ಲಿ ತೊಳೆಯಬೇಕೆಂದು ನಾನು ಕಲಿತಿದ್ದೆ. ಜನ ಕೊಡ ಹಿಡಿದು ಟ್ಯಾಂಕರಿಗೆ ಕಾಯುತ್ತಿರುವಾಗ ಹಾಗೆ ನೀರು ಹರಿಬಿಡಲು ಮನಸ್ಸು ಒಪ್ಪಲಿಲ್ಲ. ಸುರುಳಿಯನ್ನು ತಗಡಿನ ಡಬ್ಬಿಯಲ್ಲಿಟ್ಟು ಮಳೆಯ ದಾರಿ ನೋಡಿದೆ. ವೈಶಾಖದಲ್ಲಿ ಆ ತಾಯಿ ತೀರಿಕೊಂಡರು. ಶ್ರಾವಣದಲ್ಲಿ ಫಿಲ್ಮು ತೊಳೆದೆ. ಹನ್ನೆರಡರಲ್ಲಿ ಅತ್ಯಂತ ಸ್ಪಷ್ಟವಾಗಿ ಬಂದದ್ದು ಅವರ ಮುಖವೇ. ಅನಂತರ ತಿಳಿಯಿತು: ಹರಿಯುವ ನೀರು ಬೇಕೇ ಇಲ್ಲ. ಡಬ್ಬಿಗೆ ಮೂರು ಸಲ ಹೊಸ ನೀರು ತುಂಬಿ, ಮೊದಲು ಐದು, ಆಮೇಲೆ ಹತ್ತು, ಕೊನೆಗೆ ಇಪ್ಪತ್ತು ಬಾರಿ ಮೇಲೆಕೆಳಗೆ ಮಾಡಿದರೆ ಸಾಕು. ಒಟ್ಟು ಒಂದೂವರೆ ಲೀಟರು. ಆ ತಾಯಿ ಬಾಯಾರಿದ ನನಗೆ ಕೊಟ್ಟ ತಂಬಿಗೆಯ ನೀರು ಅದಕ್ಕಿಂತ ಬಹಳ ಕಡಿಮೆಯೇನೂ ಇರಲಿಲ್ಲ.

ಚಿತ್ರವನ್ನು ದೊಡ್ಡದು ಮಾಡಿಸಿ ಅವರ ಮನೆಗೆ ಒಯ್ದೆ. ಮೊಮ್ಮಗ ಕಾಲೇಜಿಗೆ ಹೋಗುವ ಹುಡುಗ. ವಿನಯದಿಂದ ಮರಾಠಿಯಲ್ಲಿ ಮಾತನಾಡಿಸಿದ. ಅಜ್ಜಿಯ ಪಕ್ಕದ ಆ ಕಲ್ಲು ಏನೆಂದು ನನ್ನನ್ನೇ ಕೇಳಿದ! ‘ಹಗೇವು’ ಎಂದೆ, ತಿಳಿಯಲಿಲ್ಲ. ಮರಾಠಿಯಲ್ಲಿ ‘ಪೇವ’ ಎಂದೆ, ಅದೂ ತಿಳಿಯಲಿಲ್ಲ. ಗಡಿನಾಡಿನಲ್ಲಿ ಒಂದು ಭಾಷೆ ಇನ್ನೊಂದನ್ನು ನುಂಗುತ್ತದೆಂದು ನಾವು ದೂರುತ್ತೇವೆ. ಅಂದು ಆ ಅಂಗಳದಲ್ಲಿ ಎರಡು ಭಾಷೆಗಳ ಮಾತೂ ಒಟ್ಟಿಗೆ ಹೋಗಿತ್ತು. ನಾನು ಚಿತ್ರವನ್ನು ತಿರುವಿಹಾಕಿ, ಅದರ ಬೆನ್ನಿನ ಮೇಲೆ ಆ ತಾಯಿಯ ಹೆಸರು, ಊರು, ಇಸವಿ, ‘ಹಗೇವಿನ ಬಳಿ’ ಎಂದು ಕನ್ನಡದಲ್ಲಿ ಬರೆದೆ. ಕೆಳಗೆ ಮರಾಠಿಯಲ್ಲಿಯೂ ಬರೆದೆ. ಹುಡುಗ ಕನ್ನಡದ ಅಕ್ಷರಗಳ ಮೇಲೆ ಬೆರಳಾಡಿಸುತ್ತ, ‘ಇದರಲ್ಲಿ ಅಜ್ಜಿಯ ಹೆಸರು ಯಾವುದು?’ ಎಂದು ಕೇಳಿದ. ತೋರಿಸಿದೆ.

ನಮ್ಮ ಈ ಸೀಮೆ ೧೯೪೮ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಆರನೆಯ ನಿಜಾಮರ ಆಸ್ಥಾನದಲ್ಲಿ ರಾಜಾ ದೀನದಯಾಳ (೧೮೪೪–೧೯೦೫) ಎಂಬ ಜಗತ್ಪ್ರಸಿದ್ಧ ಛಾಯಾಗ್ರಾಹಕರಿದ್ದರು. ಅರಮನೆಗಳಿಗೂ ಅಮೀರರಿಗೂ ಅವರು ದೊರೆತರು. ನಮ್ಮ ಅಜ್ಜ-ಅಜ್ಜಿಯರಿಗೆ ಯಾರೂ ದೊರೆಯಲಿಲ್ಲ. ಮೈಸೂರಿನ ಟಿ. ಎಸ್. ಸತ್ಯನ್ (೧೯೨೩–೨೦೦೯) ಸಾಮಾನ್ಯರ ಬಾಳಿಗೂ ಮಕ್ಕಳ ನಗೆಗೂ ಕ್ಯಾಮೆರಾ ಹಿಡಿದು ಕನ್ನಡಿಗರಿಗೆ ಬೇರೊಂದು ದಾರಿ ತೋರಿದರು. ಇನ್ನು ೧೯೯೩ರ ಸೆಪ್ಟೆಂಬರ್ ೩೦ರ ಕಿಲ್ಲಾರಿಯ ಭೂಕಂಪದಲ್ಲಿ ಕಲ್ಲು-ಮಣ್ಣಿನ ಭಾರವಾದ ಮನೆಗಳು ಮಲಗಿದವರ ಮೇಲೆಯೇ ಕುಸಿದವು. ನಾನಾಗ ಶಾಲೆಯ ಹುಡುಗ. ಹೋದವರ ಒಂದು ಭಾವಚಿತ್ರವೂ ಉಳಿಯದೆ, ಹೂವಿನ ಹಾರವನ್ನು ಬರಿಯ ಗೋಡೆಗೆ ತೂಗಹಾಕಿದ್ದ ಮನೆಯನ್ನು ಕಂಡೆ. ಆ ಗೋಡೆ ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಆದುದರಿಂದ ನಿಮ್ಮಲ್ಲಿ ನನ್ನ ಬಿನ್ನಹ ಸಣ್ಣದು. ನನ್ನಂತೆ ಫಿಲ್ಮಿಗೆ ಹಣ ಸುರಿಯಿರೆಂದು ಹೇಳುವುದಿಲ್ಲ. ಮೊಬೈಲಿನಲ್ಲಿಯೇ ತೆಗೆಯಿರಿ, ಆದರೆ ವರ್ಷಕ್ಕೊಮ್ಮೆ ಮನೆಯ ಹಿರಿಯರ ಒಂದು ಚಿತ್ರವನ್ನಾದರೂ ಕಾಗದದ ಮೇಲೆ ಮಾಡಿಸಿರಿ. ಅವರು ಇರುವಾಗಲೇ ಅವರ ಕೈಗೆ ಕೊಡಿರಿ. ಅದರ ಬೆನ್ನಿನ ಮೇಲೆ ಹೆಸರು, ಊರು, ಇಸವಿ, ಅವರ ಬಾಯಿಂದ ಕೇಳಿದ ಒಂದು ಮಾತು, ಇಷ್ಟನ್ನು ನಿಮ್ಮ ಮಕ್ಕಳ ಕೈಯಿಂದ ಕನ್ನಡದಲ್ಲಿ ಬರೆಯಿಸಿರಿ. ಒತ್ತಿ ಬರೆದರೆ ಚಿತ್ರದ ಮುಖದಲ್ಲಿ ಗೀರು ಮೂಡುತ್ತದೆ. ಹಗುರವಾಗಿ ಬರೆಯಲು ಹೇಳಿರಿ. ಮಗುವಿಗೆ ಅಕ್ಷರ ಬಾರದಿದ್ದರೆ ನನ್ನ ಬಳಿಗೆ ಕಳುಹಿಸಿರಿ, ಕಲಿಸುವೆನು. ನೀವು ಕಳುಹಿಸಲು ತಡಮಾಡಿದರೆ, ಆದಿತ್ಯವಾರ ಸೈಕಲ್ಲು ಹತ್ತಿ ನಾನೇ ಬರುವೆನು.