ಬೀಳುವ ಕಲ್ಲು, ತೂಗುವ ಬೀಗ

(ಜಯನಗರದಲ್ಲಿ ವಿದ್ಯಾರ್ಥಿಗಳಿಗೂ ಪೋಷಕರಿಗೂ ನೀಡಿದ ಉಪನ್ಯಾಸದ ಸಂಗ್ರಹ)



ತಾರಸಿಯಿಂದ, ಸುಮಾರು ಐದು ಮೀಟರ್ ಎತ್ತರದಿಂದ, ಕಲ್ಲೊಂದನ್ನು ಕೈಬಿಟ್ಟರೆ ನೆಲ ಮುಟ್ಟಲು ಒಂದು ಸೆಕೆಂಡು ಸಾಕು. ಎರಡು ಸೆಕೆಂಡು ಬೀಳಬೇಕಾದರೆ ಹತ್ತು ಮೀಟರ್ ಸಾಲದು, ಇಪ್ಪತ್ತು ಬೇಕು. ಏಕೆಂದರೆ ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೂ ಏರುತ್ತಲೇ ಹೋಗುತ್ತದೆ. ನಮ್ಮೂರಿನಲ್ಲಿ ಸೆಕೆಂಡಿಗೆ 9.78 ಮೀಟರಿನಷ್ಟು. ಇದೇ ಗುರುತ್ವ ವೇಗೋತ್ಕರ್ಷ. ಗಾಳಿಯ ತಡೆ ಇಲ್ಲದಿದ್ದರೆ ಕಲ್ಲಿಗೂ ಗರಿಗೂ ಇದು ಒಂದೇ. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ಸುತ್ತಿಗೆಯನ್ನೂ ಗರಿಯನ್ನೂ ಒಟ್ಟಿಗೆ ಬಿಟ್ಟು ಇದನ್ನು ತೋರಿಸಿದರು.

ಆದರೆ ಕಲ್ಲು ಬೀಳಿಸಿ ಇದನ್ನು ಅಳೆಯುವುದು ಕಷ್ಟ. ಸ್ಟಾಪ್‌ವಾಚ್ ನಿಲ್ಲಿಸುವಾಗ ಬೆರಳು 0.2 ಸೆಕೆಂಡು ತಡವಾದರೆ ಉತ್ತರ ನೂರಕ್ಕೆ ಮೂವತ್ತರಷ್ಟು ತಪ್ಪುತ್ತದೆ. ಅದರ ಬದಲು ಒಂದು ಮೀಟರ್ ದಾರಕ್ಕೆ ಬೀಗ ಕಟ್ಟಿ ಮೆಲ್ಲಗೆ ತೂಗಿಬಿಡಿ. ಎಳೆಯುವ ಬಲ ಅದೇ. ದಾರ ಮಾತ್ರ ಬೀಳಗೊಡುವುದಿಲ್ಲ. ಹೋಗಿ ಬರುವ ನೂರು ಆಂದೋಲನಗಳಿಗೆ ಸುಮಾರು 201 ಸೆಕೆಂಡು. ಬೆರಳಿನ ಅದೇ ತಪ್ಪು ನೂರರಲ್ಲಿ ಹಂಚಿಹೋಗಿ, ಉತ್ತರ ಕೆಡುವುದು ಸಾವಿರಕ್ಕೆ ಎರಡರಷ್ಟು. ದಾರದ ಉದ್ದವನ್ನು 39.48ರಿಂದ ಗುಣಿಸಿ, ಒಂದು ಆಂದೋಲನದ ಕಾಲದ ವರ್ಗದಿಂದ ಭಾಗಿಸಿದರೆ ಆಯಿತು.

ಈ ಅಂಕಿ ಎಲ್ಲೆಡೆ ಒಂದೇ ಅಲ್ಲ. ಬೆಂಗಳೂರು ಸಮಭಾಜಕಕ್ಕೆ ಹತ್ತಿರ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರ. ಲಂಡನ್ನಿನಲ್ಲಿ ಸರಿಯಾಗಿ ನಡೆಯುವ ಲೋಲಕದ ಗಡಿಯಾರ ಇಲ್ಲಿ ದಿನಕ್ಕೆ ಎರಡು ನಿಮಿಷಕ್ಕೂ ಹೆಚ್ಚು ಹಿಂದೆ ಬೀಳುತ್ತದೆ.

ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯ ಕ್ಯಾಪ್ಟನ್ ಜೇಮ್ಸ್ ಬಸೇವಿ 1865ರಿಂದ ಲೋಲಕಗಳನ್ನು ಹೊತ್ತು ದೇಶವೆಲ್ಲ ಅಲೆದರು. ಅವರು ಅಳೆದ ಊರುಗಳಲ್ಲಿ ಬೆಂಗಳೂರೂ ಒಂದು. ಹಿಮಾಲಯದಂಥ ಬೆಟ್ಟದ ಮೇಲೆ ಸೆಳೆತ ಹೆಚ್ಚಿರಬೇಕಲ್ಲವೇ? ಬಂದದ್ದು ಎಣಿಸಿದ್ದಕ್ಕಿಂತ ಕಡಿಮೆ. ಬೆಟ್ಟಗಳ ಬುಡದಲ್ಲಿ ಹಗುರವಾದ ಶಿಲೆ ಆಳಕ್ಕೆ ಇಳಿದಿದೆಯೆಂಬ ವಿಚಾರಕ್ಕೆ ಇಂಥ ಅಳತೆಗಳೇ ಬಲ ಕೊಟ್ಟವು. 1871ರ ಜುಲೈನಲ್ಲಿ, ಲಡಾಖಿನ ಎತ್ತರದಲ್ಲಿ ಇದೇ ಕೆಲಸದಲ್ಲಿದ್ದಾಗ ಬಸೇವಿ ತೀರಿಕೊಂಡರು.

ಪ್ರಯೋಗದ ಪುಸ್ತಕದಲ್ಲಿ 9.8 ಬರುವಂತೆ ಅಂಕಿ ತಿದ್ದುವ ಚಾಳಿ ನಮ್ಮಲ್ಲಿ ಹಳೆಯದು. ಬಸೇವಿಯೂ ಹಾಗೆ ತಿದ್ದಿದ್ದರೆ ಬೆಟ್ಟದ ಗುಟ್ಟು ಹೊರಬೀಳುತ್ತಿರಲಿಲ್ಲ. ಮಕ್ಕಳೇ, ಇಂದು ಸಂಜೆ ಕಿಟಕಿಯ ಸರಳಿಗೆ ದಾರ ಕಟ್ಟಿ ನೂರು ಎಣಿಸಿ. ಬಂದದ್ದನ್ನೇ ಬರೆಯಿರಿ. ತಪ್ಪೆನಿಸಿದರೆ ಮತ್ತೊಮ್ಮೆ ಎಣಿಸಿ, ತಿದ್ದಬೇಡಿ.