ದಡದಿಂದಲೋ, ದೋಣಿಯಿಂದಲೋ?

ಮುಳುಗು ಎಂಬ ಮಾತಿಗೆ ನಮ್ಮ ಭಾಷೆಯಲ್ಲಿ ಎರಡು ಮುಖ. ಸಾಲದಲ್ಲಿ ಮುಳುಗಿದ, ಮನೆ ಮುಳುಗಿತು ಎಂದರೆ ಅದು ಕೇಡು. ಹೊಳೆಯಲ್ಲಿ ಮೂರು ಮುಳುಗು ಹಾಕಿ ಬಂದೆ ಎಂದರೆ ಅದು ಪುಣ್ಯ. ಒಂದರಲ್ಲಿ ಎದ್ದು ಬರುತ್ತೇವೆ, ಇನ್ನೊಂದರಲ್ಲಿ ಇಲ್ಲ, ವ್ಯತ್ಯಾಸ ಅಷ್ಟೇ. ಈ ಹೊತ್ತು ನಾನು ಹೇಳಹೊರಟಿರುವುದು ಮುಳುಗಿ ಏಳುವ ಒಂದು ಹೊಸ ವಿದ್ಯೆಯ ವಿಚಾರ.

ಬೆನ್ನಿಗೆ ಗಾಳಿಯ ಉರುಳೆ ಕಟ್ಟಿಕೊಂಡು, ಬಾಯಲ್ಲಿ ನಳಿಗೆ ಕಚ್ಚಿಕೊಂಡು, ಕಡಲಿನ ಒಳಗಿಳಿದು ಹವಳವನ್ನೂ ಮೀನನ್ನೂ ನೋಡಿಬರುವ ಈ ವಿದ್ಯೆಗೆ ಸ್ಕೂಬಾ ಎಂದು ಹೆಸರು. ಫ್ರಾನ್ಸ್ ದೇಶದ ಕೂಸ್ತೊ ಮತ್ತು ಗಾನ್ಯಾಂ ಎಂಬ ಇಬ್ಬರು 1943ರಲ್ಲಿ ಇದಕ್ಕೆ ಬೇಕಾದ ಉಪಕರಣವನ್ನು ರೂಪಿಸಿದರು. ವೈಶಂಪಾಯನ ಸರೋವರವನ್ನು ಹೊಕ್ಕ ದುರ್ಯೋಧನನಿಗೆ ಜಲಸ್ತಂಭನ ವಿದ್ಯೆ ತಿಳಿದಿತ್ತು, ಉರುಳೆಯ ಅಗತ್ಯ ಬೀಳಲಿಲ್ಲ. ನಮಗೆ ಆ ಮಂತ್ರ ಬಾರದು. ಇರುವ ಗಾಳಿಯನ್ನು ಲೆಕ್ಕ ಹಾಕಿ ಉಸಿರಾಡಬೇಕು.

ಸಾಲಗುಂದದಂಥ ಊರಿನಲ್ಲಿ ಎರೆಹೊಲಗಳ ನಡುವೆ ಕುಳಿತವನಿಗೆ ಕಡಲಿನ ಮಾತೇಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಮ್ಮ ಸಿಂಧನೂರು ತಾಲ್ಲೂಕಿಗೆ ಸಮುದ್ರವೆಂದರೆ ಒಂದು ರಾತ್ರಿಯ ಬಸ್ಸಿನ ದಾರಿ. ಆದರೆ ನಮ್ಮ ಮಕ್ಕಳು ಈಗ ಬೆಂಗಳೂರು ಸೇರಿದ್ದಾರೆ, ಅಲ್ಲಿಂದ ರಜೆಗೆಂದು ಮುರುಡೇಶ್ವರಕ್ಕೂ ಅಂಡಮಾನಿಗೂ ಹೋಗುತ್ತಾರೆ. ಹಾಗೆ ಹೊರಟಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಊರಿಗೆ ಬಂದಾಗ, ದಡದಿಂದ ನಡೆದು ಇಳಿಯುವುದು ಮೇಲೋ, ದೋಣಿಯಿಂದ ಹಾರುವುದು ಮೇಲೋ ಎಂದು ಕೇಳಿದ. ನಿನಗೆ ಭಯವಿಲ್ಲವೇನಪ್ಪ ಎಂದೆ. "ಬಾವ್ಯಾಗ ಈಸಿದವ ನಾನು. ಸಮುದ್ರ ಏನ್ ಮಾಡ್ತದ್ರಿ ಸರ್?" ಎಂದ. "ಬಾವಿಗೆ ನಾಕೂ ಕಡೆ ಗ್ವಾಡಿ ಅದಪಾ, ಸಮುದ್ರಕ್ಕ ಇಲ್ಲ" ಎಂದೆ. ಮಾತು ಅಲ್ಲಿಗೆ ನಿಲ್ಲಲಿಲ್ಲ. ಮುಂದೆ ಅವನೊಡನೆ ನಾನೂ ಮುರುಡೇಶ್ವರಕ್ಕೆ ಹೋಗಿ ಬಂದೆ. ಅವನು ಮುಳುಗಿದ, ನಾನು ದೋಣಿಯಲ್ಲಿ ಕುಳಿತು ನೋಡಿದೆ.

ನಮ್ಮ ಮೆಟ್ಟಿಲುಬಾವಿಗಳನ್ನು ನೆನೆದುಕೊಳ್ಳಿ. ಬೆನ್ನಿಗೆ ಬೆಂಡನ್ನೋ ಸೋರೆಬುರುಡೆಯನ್ನೋ ಕಟ್ಟಿಸಿಕೊಂಡು ಮೆಟ್ಟಿಲಿನಿಂದ ಇಳಿಯುವ ಹುಡುಗನಿದ್ದಾನೆ. ಮೊಣಕಾಲು, ಸೊಂಟ, ಎದೆ ಎಂದು ಒಂದೊಂದೇ ಮೆಟ್ಟಿಲನ್ನು ಅವನು ನೀರಿಗೆ ಕೊಡುತ್ತಾನೆ. ಅಂಜಿಕೆಯಾದರೆ ಒಂದು ಮೆಟ್ಟಿಲು ಹಿಂದಕ್ಕೆ ಬರುತ್ತಾನೆ. ಕಟ್ಟೆಯ ಮೇಲಿನಿಂದ ಹಾರುವ ಹುಡುಗ ಬೇರೆ. ಕಾಲು ಕಟ್ಟೆ ಬಿಟ್ಟಮೇಲೆ ಅವನ ಪಾಲಿಗೆ ಮರುವಿಚಾರವಿಲ್ಲ. ಆದರೆ ಬಾವಿಯಲ್ಲಿ ಒಂದು ಉಪಕಾರ ಉಂಟು: ಇಳಿದವನೂ ಹಾರಿದವನೂ ಮೇಲೆ ಬರುವುದು ಅದೇ ಮೆಟ್ಟಿಲಿನಿಂದ. ಕಡಲಿನಲ್ಲಿ ಹಾಗಲ್ಲ.

ದಡದಿಂದಲೇ ಇಳಿಯುವವರ ಸ್ವರ್ಗವೆಂದು ಹೆಸರಾದದ್ದು ಕೆರಿಬಿಯನ್ ಸಮುದ್ರದ ಬೊನೇರ್ ದ್ವೀಪ. ವೆನೆಜುವೆಲಾದ ಉತ್ತರಕ್ಕೆ, ಡಚ್ಚರ ಆಡಳಿತದಲ್ಲಿರುವ ಸಣ್ಣ ನೆಲ. ಅಲ್ಲಿ ಗಾಳಿ ಹೆಚ್ಚಾಗಿ ಪೂರ್ವದಿಂದ ಬೀಸುವುದರಿಂದ ಪಶ್ಚಿಮದ ಕರೆ ಶಾಂತ. ಮಳೆ ಕಡಿಮೆ, ದೊಡ್ಡ ನದಿಯೊಂದೂ ಇಲ್ಲ. ಹಾಗಾಗಿ ನೀರು ತಿಳಿ. ಹವಳದ ಸಾಲು ದಡಕ್ಕೆ ಅಂಟಿಕೊಂಡಂತೆಯೇ ಬೆಳೆದಿದೆ. ರಸ್ತೆಯ ಬದಿಯಲ್ಲಿ ಹಳದಿ ಬಣ್ಣ ಬಳಿದ ಕಲ್ಲುಗಳನ್ನಿಟ್ಟು ಮುಳುಗುವ ಜಾಗಗಳ ಹೆಸರನ್ನು ಬರೆದಿದ್ದಾರೆ. ಉರುಳೆಗಳನ್ನು ಬಾಡಿಗೆ ಗಾಡಿಯಲ್ಲಿ ಹೇರಿಕೊಂಡು ಬಂದು, ಕಲ್ಲು ನೋಡಿ ಗಾಡಿ ನಿಲ್ಲಿಸಿ, ನೀರಿಗೆ ನಡೆದು ಹೋಗುವುದು ಅಲ್ಲಿನ ಪದ್ಧತಿ. 1979ರಿಂದ ಆ ಸಮುದ್ರಭಾಗ ರಕ್ಷಿತ ಉದ್ಯಾನವಾಗಿದೆ. ಅಂಥ ಬೊನೇರಿಗೂ ಎದುರಿಗೆ ಕ್ಲೈನ್ ಬೊನೇರ್ ಎಂಬ ಜನವಸತಿಯಿಲ್ಲದ ಮರಿದ್ವೀಪವಿದೆ. ಅದರ ಸುತ್ತ ಮುಳುಗಬೇಕೆಂದರೆ ದೋಣಿಯೇ ಬೇಕು. ಆದ್ದರಿಂದ ಅಲ್ಲಿಗೆ ಹೋದವರು ಬೆಳಗ್ಗೆ ಎದ್ದು ಕೇಳಿಕೊಳ್ಳುವುದೂ ಇದೇ ಪ್ರಶ್ನೆ: ಇವತ್ತು ದಡವೋ, ದೋಣಿಯೋ?

ನಮ್ಮ ಕರಾವಳಿಯಲ್ಲಿ ಈ ಪ್ರಶ್ನೆಗೆ ಉತ್ತರವನ್ನು ಪ್ರಕೃತಿಯೇ ಬರೆದಿಟ್ಟಿದೆ. ಘಟ್ಟದ ಮೇಲೆ ಸುರಿದ ಮಳೆಯನ್ನೂ ಮಣ್ಣನ್ನೂ ಹೊಳೆಗಳು ತಂದು ಕಡಲಿಗೆ ಸುರಿಯುತ್ತವೆ. ದಡದ ನೀರು ಕದಡಿದ ನೀರು, ತಳ ಮರಳು. ಹವಳ ಬೇಕಾದವರು ಭಟ್ಕಳ ತಾಲ್ಲೂಕಿನ ನೇತ್ರಾಣಿ ದ್ವೀಪಕ್ಕೆ ಹೋಗಬೇಕು. ಮುರುಡೇಶ್ವರದಿಂದ ಅದು ಸುಮಾರು 19 ಕಿಲೋಮೀಟರು. ದೋಣಿಯಲ್ಲಿ ಸುಮಾರು ಒಂದು ಗಂಟೆ, ನಿಧಾನದ ದೋಣಿಯಾದರೆ ಇನ್ನೂ ಹೆಚ್ಚು. ಮಳೆಗಾಲದಲ್ಲಿ ಆ ದಾರಿಯೇ ಇಲ್ಲ. ಕರೆಯಲ್ಲಿರುವ 123 ಅಡಿಯ ಶಿವನ ಮೂರ್ತಿ ಬೆರಳಿನಷ್ಟಾಗಿ, ಕಡ್ಡಿಯಷ್ಟಾಗಿ ಹಿಂದೆ ಸರಿಯುತ್ತದೆ. ದ್ವೀಪ ಬಂತು ಎನ್ನುವಾಗ ಎದುರಿಗೆ ಕಾಣುವುದು ಮರಳಿನ ದಡವಲ್ಲ, ನೇರ ನಿಂತ ಬಂಡೆ. ಕಾಲಿಡಲು ಮೆಟ್ಟಿಲು ಎಲ್ಲಿಯೂ ಇಲ್ಲ, ದೋಣಿಯೇ ದಡ.

ಹಾಗಾದರೆ ದಡದ ಬಳಿ ನಿಂತವನು ಕ್ಷೇಮವೇ? ಇಲ್ಲಿ ಸ್ವಲ್ಪ ತಡೆದು ಹೇಳಬೇಕು. 2024ರ ಡಿಸೆಂಬರಿನಲ್ಲಿ ಇದೇ ಮುರುಡೇಶ್ವರದ ಕರೆಯಲ್ಲಿ ಶಾಲಾಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ಅಲೆಗೆ ಸಿಕ್ಕಿ ತೀರಿಕೊಂಡರು. ಮೂವತ್ತು ವರ್ಷಗಳ ಹತ್ತಿರ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದವನಿಗೆ ಆ ಸುದ್ದಿಯನ್ನು ಓದಿ ಮುಗಿಸುವುದು ಕಷ್ಟ. ಅವರು ಮುಳುಗಲು ಹೋದವರಲ್ಲ, ನೀರಿನಲ್ಲಿ ಆಡಲು ಹೋದವರು. ದಡ ಹತ್ತಿರವಿದೆ ಎಂಬುದು ಕಣ್ಣಿನ ಲೆಕ್ಕ. ಹಿಂದಕ್ಕೆ ಎಳೆಯುವ ನೀರಿಗೆ ಆ ಲೆಕ್ಕ ಗೊತ್ತಿಲ್ಲ.

ಇದು ನಮಗೆ ತಿಳಿಯದ್ದೇನೂ ಅಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಿಟ್ಟ ವಾರ ಹುಡುಗರು ಸೇತುವೆಯಿಂದ ಹಾರುತ್ತಾರೆ. ಹಾರುವುದಕ್ಕೆ ಯಾವ ವಿದ್ಯೆಯೂ ಬೇಡ. ಏಳುವಾಗ ನೋಡಬೇಕು: ಇಳಿಜಾರಿನ ಸಿಮೆಂಟು, ಅದರ ಮೇಲೆ ಪಾಚಿ, ಕೈಗೆ ಹಿಡಿತವಿಲ್ಲ, ಕೆಳಗೆ ನೀರು ಎಳೆಯುತ್ತಿದೆ. ಈಜು ಬಲ್ಲವನೇ ಅಲ್ಲಿ ಸೋಲುತ್ತಾನೆ. ಆದಕಾರಣ ನನ್ನ ವಿದ್ಯಾರ್ಥಿಗೆ ನಾನು ಹೇಳಿದ್ದು: ಎಲ್ಲಿಂದ ಇಳಿಯುತ್ತೀ ಎಂದು ಕೇಳಬೇಡ, ಎಲ್ಲಿಂದ ಏಳುತ್ತೀ ಎಂದು ಮೊದಲು ಕೇಳು.

ದಡದಿಂದ ಇಳಿಯುವವನಿಗೆ ಈ ಪ್ರಶ್ನೆಯ ಹೊಣೆ ಪೂರ್ತಿ ತನ್ನದೇ. ಉರುಳೆ, ಸೀಸದ ತೂಕ ಎಲ್ಲ ಸೇರಿ ಇಪ್ಪತ್ತು ಕಿಲೋಗೂ ಮಿಕ್ಕ ಭಾರ. ಅದನ್ನು ಹೊತ್ತು ಮರಳಿನಲ್ಲೋ ಜಾರುಗಲ್ಲಿನಲ್ಲೋ ನಡೆಯಬೇಕು. ಕಾಲಿಗೆ ರಬ್ಬರಿನ ರೆಕ್ಕೆ ತೊಟ್ಟಮೇಲೆ ಮುಂದಕ್ಕೆ ನಡೆಯಲಾಗದು, ಹಿಮ್ಮುಖವಾಗಿ ಹೆಜ್ಜೆಯಿಡಬೇಕು. ಆಗ ಅಲೆ ಬೆನ್ನ ಹಿಂದೆ. ಬಲ್ಲವರು ದಡದಲ್ಲಿ ಕುಳಿತು ಕೆಲಹೊತ್ತು ಅಲೆಗಳನ್ನು ಸುಮ್ಮನೆ ನೋಡುತ್ತಾರಂತೆ. ದೊಡ್ಡವು ಎಷ್ಟು ಬರುತ್ತವೆ, ಆಮೇಲೆ ಬಿಡುವು ಎಷ್ಟು ಎಂಬುದನ್ನು ಅಳೆಯುತ್ತಾರೆ. ಒಳಗೆ ಹೋದಮೇಲೆ ಮೊದಲು ಸೆಳೆತಕ್ಕೆ ಎದುರಾಗಿ ಸಾಗಿ, ದಣಿವಾದಾಗ ಸೆಳೆತದೊಡನೆ ಮರಳುವುದು ಕ್ರಮ. ಇದನ್ನು ತಿರುವುಮುರುವು ಮಾಡಿದವನು ಗಾಳಿ ಮುಗಿಯುವ ಹೊತ್ತಿಗೆ ದಡದಿಂದ ದೂರ ಇರುತ್ತಾನೆ. ಪ್ರತಿಯಾಗಿ ದಡದವನಿಗೆ ದೊಡ್ಡದೊಂದು ಸುಖವಿದೆ: ಮನಸ್ಸು ಒಪ್ಪದಿದ್ದರೆ ಮೊಣಕಾಲುದ್ದದ ನೀರಿನಿಂದಲೇ ಹಿಂದಿರುಗಬಹುದು. ಯಾರೂ ಅವಸರಪಡಿಸುವುದಿಲ್ಲ, ದೋಣಿಯ ಬಾಡಿಗೆ ವ್ಯರ್ಥವಾಯಿತೆಂಬ ಸಂಕೋಚವಿಲ್ಲ. ಅಂಡಮಾನಿನಲ್ಲಿ, 2018ರವರೆಗೆ ಹ್ಯಾವ್‌ಲಾಕ್ ಎನಿಸಿಕೊಂಡಿದ್ದ ಸ್ವರಾಜ್ ದ್ವೀಪದಲ್ಲಿ, ಹೊಸಬರನ್ನು ದಡದಿಂದಲೇ ಕೈ ಹಿಡಿದು ನಡೆಸಿಕೊಂಡು ಹೋಗುತ್ತಾರೆ. ಮೊದಲ ಮುಳುಗಿಗೆ ಅದೇ ಸರಿ ಎಂಬುದು ನನ್ನ ಅಭಿಪ್ರಾಯ.

ದೋಣಿಯ ಕಥೆ ಬೇರೆ. ಭಾರ ಹೊರುವುದಿಲ್ಲ; ಅಂಚಿನಲ್ಲಿ ಕುಳಿತು ಹಿಂದಕ್ಕೆ ಬಿದ್ದರೆ ಆಯಿತು, ನೇರ ಹವಳದ ಮೇಲೆ. ಆದರೆ ಅಲ್ಲಿಗೆ ಮುಟ್ಟುವಷ್ಟರಲ್ಲಿ ಹೊಟ್ಟೆ ತೊಳಸುತ್ತದೆ. ಎರೆನಾಡಿನ ಹೊಟ್ಟೆಗೆ ಇದು ಹೊಸ ಅನುಭವ. ಹಿಂದಿನ ರಾತ್ರಿ ಹಗುರಾಗಿ ಉಂಡು, ದೋಣಿಯಲ್ಲಿ ಡೀಸೆಲ್ ಹೊಗೆಯಿಂದ ದೂರ ಕುಳಿತು, ದೃಷ್ಟಿಯನ್ನು ದಿಗಂತದಲ್ಲಿ ನೆಟ್ಟರೆ ತಕ್ಕಮಟ್ಟಿಗೆ ತಡೆದೀತು. (ನನಗೆ ತಡೆಯಲಿಲ್ಲ.)

ಮುಖ್ಯವಾದ ಮಾತೆಂದರೆ, ದೋಣಿ ಹತ್ತಿದವನು ಏಳುವ ಹೊಣೆಯಲ್ಲಿ ಅರ್ಧವನ್ನು ಬೇರೆಯವರಿಗೆ ಒಪ್ಪಿಸಿರುತ್ತಾನೆ. ಆನೆಗೊಂದಿಯ ಕಡೆ ಹರಿಗೋಲು ಹತ್ತಿದವರಿಗೆ ಇದು ತಿಳಿದಿದೆ. ಹುಟ್ಟು ಹಾಕುವವನು ಕೂರು ಎಂದ ಕಡೆ ಕೂರುತ್ತೇವೆ, ಅಲ್ಲಿ ಪಂಡಿತನೂ ಒಂದೇ, ಪಾಮರನೂ ಒಂದೇ. ಆ ಅರ್ಧ ಹೊಣೆ ಹೊತ್ತವನು ಎಂಥವನು ಎಂಬುದರ ಮೇಲೆ ಜೀವ ನಿಂತಿದೆ. 1998ರ ಜನವರಿಯಲ್ಲಿ ಆಸ್ಟ್ರೇಲಿಯದ ಮಹಾ ಹವಳದಿಣ್ಣೆಯಲ್ಲಿ ಅಮೆರಿಕದ ದಂಪತಿಯೊಂದು ಮುಳುಗಿ ಮೇಲೆದ್ದಾಗ ದೋಣಿ ಹೊರಟುಹೋಗಿತ್ತು. ಎಣಿಕೆ ತಪ್ಪಿತ್ತು. ಇಬ್ಬರು ಕಡಿಮೆ ಇದ್ದಾರೆಂಬುದು ಬೆಳಕಿಗೆ ಬಂದದ್ದು ಎರಡು ದಿನ ಕಳೆದಮೇಲೆ. ಎಷ್ಟು ಹುಡುಕಿದರೂ ಅವರು ಸಿಗಲಿಲ್ಲ.

ನದಿ ದಾಟಿದ ಹತ್ತು ಮಂದಿಯ ಕಥೆಯನ್ನು ನೀವು ಕೇಳಿರುತ್ತೀರಿ. ಪ್ರತಿಯೊಬ್ಬನೂ ತನ್ನನ್ನು ಬಿಟ್ಟು ಎಣಿಸಿ, ಹತ್ತನೆಯವನು ಹೊಳೆಯ ಪಾಲಾದನೆಂದು ಅತ್ತರಂತೆ. ವೇದಾಂತಿಗಳು ಅದನ್ನು ಆತ್ಮವಿಚಾರಕ್ಕೆ ಬಳಸುತ್ತಾರೆ. ನೇತ್ರಾಣಿಯ ದೋಣಿಯಲ್ಲಿ ಕುಳಿತಿದ್ದಾಗ ನನಗೆ ಕಾಡಿದ್ದು ಅದರ ತಲೆಕೆಳಗಾದ ರೂಪ: ಇಲ್ಲದವನನ್ನೂ ಸೇರಿಸಿ ಎಣಿಸಿಬಿಟ್ಟರೆ? ನಮ್ಮ ದೋಣಿಯವರು ಇಳಿಯುವ ಮೊದಲು ಹೆಸರು ಕೂಗಿದರು, ಏರಿದ ಮೇಲೆ ಮತ್ತೊಮ್ಮೆ ಹೆಸರು ಕೂಗಿ, ಮುಖ ನೋಡಿ, ಗುರುತು ಹಾಕಿಕೊಂಡರು. ಹಾಜರಿಪುಸ್ತಕವನ್ನು ಇಷ್ಟು ಗೌರವದಿಂದ ಹಿಡಿದವರನ್ನು ನಾನು ಶಾಲೆಯಲ್ಲಿಯೂ ಕಂಡಿಲ್ಲ. ನೀವು ಹೋದಾಗ ಹಣ ಕೊಡುವ ಮುನ್ನ ಇದನ್ನೇ ಕೇಳಿ: ಎಣಿಸುವವರು ಯಾರು, ಎಲ್ಲರೂ ನೀರಿನಲ್ಲಿರುವಾಗ ದೋಣಿಯಲ್ಲಿ ಉಳಿಯುವವರು ಯಾರು, ಏರಲು ಏಣಿ ಎಲ್ಲಿ? ಉತ್ತರ ನಗೆಯಲ್ಲಿ ತೇಲಿಹೋದರೆ ದಡದಲ್ಲಿ ಕಡಲೆಕಾಯಿ ತಿಂದು ಹಿಂದಿರುಗಿ.

ಗಾಳಿಯ ಲೆಕ್ಕವನ್ನು ಎಂಟನೆಯ ತರಗತಿಯ ಹುಡುಗನೂ ಮಾಡಬಲ್ಲ. 12 ಲೀಟರಿನ ಉರುಳೆಯಲ್ಲಿ 200 ಪಟ್ಟು ಒತ್ತಿ ತುಂಬಿದರೆ ಸುಮಾರು 2400 ಲೀಟರು ಗಾಳಿ. ನಿಮಿಷಕ್ಕೆ 20 ಲೀಟರು ಉಸಿರಾಡುವವನು 10 ಮೀಟರು ಆಳದಲ್ಲಿ, ಒತ್ತಡ ಇಮ್ಮಡಿಯಾಗುವುದರಿಂದ, 40 ಲೀಟರು ಸೆಳೆಯುತ್ತಾನೆ. ಕಾಲು ಭಾಗವನ್ನು ಆಪತ್ತಿಗೆ ಮೀಸಲಿಟ್ಟರೆ ಉಳಿದದ್ದು 45 ನಿಮಿಷ. ಅಂಜಿದವನ ಉಸಿರು ದುಪ್ಪಟ್ಟು, ಅವನ ಹೊತ್ತು ಅರ್ಧ. ದಡದಿಂದ ಹೋದವನು ಹವಳದವರೆಗೆ ಹೋಗಿಬರುವ ದಾರಿಯನ್ನೂ ಇದರಲ್ಲೇ ಕಳೆಯಬೇಕು. ದೋಣಿಯವನಿಗೆ ಆ ಖರ್ಚಿಲ್ಲ. ಇಬ್ಬರಿಗೂ ಸಮಾನವಾದದ್ದು ಒಂದು ನಿಯಮ: ಮೇಲೆ ಬರುವಾಗ ಉಸಿರನ್ನು ಬಿಗಿಹಿಡಿಯಕೂಡದು. ಒತ್ತಡ ಕಡಿಮೆಯಾದಂತೆ ಎದೆಯೊಳಗಿನ ಗಾಳಿ ಹಿಗ್ಗುತ್ತದೆ. ಹಿಡಿದಿಟ್ಟರೆ ಶ್ವಾಸಕೋಶ ಹರಿಯುತ್ತದೆ. ಬಾವಿಯಲ್ಲಿ ಈಜಿದ ನಮ್ಮ ಹುಡುಗರಿಗೆ ಕಷ್ಟವಾಗುವುದು ಇಲ್ಲೇ, ಏಕೆಂದರೆ ಅವರು ಕಲಿತಿರುವುದೆಲ್ಲ ದಮ್ಮು ಕಟ್ಟುವುದನ್ನೇ. ನೆಗಡಿಯಿದ್ದವರು, ಉಬ್ಬಸವಿದ್ದವರು ವೈದ್ಯರನ್ನು ಕಾಣದೆ ಹೋಗಬಾರದು.

ಇನ್ನೊಂದು ಮಾತು, ಇದನ್ನು ಪ್ರವಾಸಿಗಳು ಮರೆಯುವುದೇ ಹೆಚ್ಚು. ಮುಳುಗಿ ಎದ್ದವನ ರಕ್ತದಲ್ಲಿ ಸಾರಜನಕ ಕರಗಿ ಉಳಿದಿರುತ್ತದೆ. ಗಾಳಿಯ ಒತ್ತಡ ಕಡಿಮೆಯಾದ ಎತ್ತರಕ್ಕೆ ಬೇಗನೆ ಹೋದರೆ ಅದು ಗುಳ್ಳೆಯಾಗಿ ಕೀಲುಗಳನ್ನೂ ನರಗಳನ್ನೂ ಬಾಧಿಸಬಹುದು. ಒಮ್ಮೆ ಮುಳುಗಿದವರು ವಿಮಾನ ಹತ್ತಲು 12 ಗಂಟೆ, ಹಲವು ಸಲ ಮುಳುಗಿದವರು 18 ಗಂಟೆಯಾದರೂ ಕಾಯಬೇಕೆಂದು ಬಲ್ಲವರು ಹೇಳುತ್ತಾರೆ. ನಮ್ಮವರು ವಿಮಾನ ಹತ್ತುವುದಿಲ್ಲ, ನಿಜ. ಆದರೆ ಮುರುಡೇಶ್ವರದಿಂದ ಸಿಂಧನೂರಿಗೆ ಬರಬೇಕಾದರೆ ಘಟ್ಟ ಹತ್ತಲೇಬೇಕು. ಎರಡು ಮೂರು ಸಲ ಮುಳುಗಿದವರು ಅದೇ ಸಂಜೆಯ ಬಸ್ಸಿಗೆ ಓಡಬೇಡಿ. ಆ ರಾತ್ರಿ ಕಡಲ ಕರೆಯಲ್ಲೇ ಕಳೆದು, ಟಿಕೇಟನ್ನು ಮರುದಿನ ಸಂಜೆಗೆ ತೆಗೆಸಿಕೊಳ್ಳಿ.